ಮಾವ ಹೂತಿಟ್ಟ ಪೈಪು

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಕೋಲಕ್ಕ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸದಾ ಇರುತ್ತಿದ್ದ ಯಂತ್ರದಿಂದ ಬಂದ ಹೆಸರು ಅದು. ಸೊಂಟದೆತ್ತರದ ಹಳದಿ ಕೋಲು, ಹಿಡಿಯ ಬಳಿ ಅಂಗೈಯಗಲದ ಪರದೆ. ರಸ್ತೆ ಅಗೆಯುವವರು ಬರುವ ಮೊದಲು ಅವಳು ಬರಬೇಕು. ಕೋಲನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದು ಅತ್ತಿಂದಿತ್ತ ನಡೆದರೆ, ಕೆಳಗೆ ಕರೆಂಟಿನ ಕೇಬಲ್ ಇದ್ದಲ್ಲಿ ಅದು ಕೂಗುತ್ತದೆ. ಕಬ್ಬಿಣದ ನೀರಿನ ಪೈಪಾದರೆ, ಇನ್ನೊಂದು ಪೆಟ್ಟಿಗೆಯಿಂದ ಅದಕ್ಕೆ ಸಣ್ಣದೊಂದು ಸಂಕೇತ ಹರಿಸಬೇಕು. ಆಮೇಲೆ ಅದೂ ಕೂಗುತ್ತದೆ. ಕೂಗಿದಲ್ಲೆಲ್ಲ ಅವಳು ಬಣ್ಣದ ಡಬ್ಬಿ ಅಲ್ಲಾಡಿಸಿ ಗೆರೆ ಎಳೆಯುತ್ತಿದ್ದಳು. ಕರೆಂಟಿಗೆ ಕೆಂಪು, ನೀರಿಗೆ ನೀಲಿ. ಅಗೆಯುವವರು ಆ ಗೆರೆಯನ್ನು ನಂಬಿ ಹಾರೆ ಹಾಕುತ್ತಿದ್ದರು.

ಕೆಲಸ ಕಲಿಸಿದವರು ಒಬ್ಬ ಹಳೆಯ ಟೆಲಿಫೋನ್ ಲೈನ್‌ಮನ್. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಮೊದಲ ದಿನವೇ ಅವಳನ್ನು ಖಾಲಿ ಮೈದಾನವೊಂದರಲ್ಲಿ ನಿಲ್ಲಿಸಿ, ಕೋಲನ್ನು ಕೈಗೆ ಕೊಟ್ಟು, ಇಲ್ಲಿ ಏನಿದೆ ಹೇಳು ಎಂದಿದ್ದರು. ಎಷ್ಟು ನಡೆದರೂ ಕೋಲು ಕೂಗಲಿಲ್ಲ. ಏನೂ ಇಲ್ಲ ಎಂದಳು. ಅವರು ಅವಳನ್ನು ಮೈದಾನದ ಅಂಚಿಗೆ ಕರೆದೊಯ್ದು, ಗುಂಡಿಯೊಂದರ ಮುಚ್ಚಳ ಎತ್ತಿ, ಅವಳು ಅಷ್ಟು ಹೊತ್ತು ತುಳಿದಾಡಿದ್ದ ನೆಲದ ಕೆಳಗಿಂದಲೇ ಬಂದ ದಪ್ಪನೆಯ ಸಿಮೆಂಟ್ ಪೈಪೊಂದನ್ನು ತೋರಿಸಿದರು. ಸಿಮೆಂಟು, ಪ್ಲಾಸ್ಟಿಕ್ಕು, ಸುಟ್ಟ ಮಣ್ಣು ಇವ್ಯಾವುವೂ ಈ ಕೋಲಿನ ಹತ್ತಿರ ಮಾತಾಡುವುದಿಲ್ಲ ಎಂದರು.

"ಕೂಗಿದ್ರೆ ಇದೆ ಅನ್ನು. ಕೂಗದಿದ್ರೆ ಇಲ್ಲ ಅನ್ಬೇಡ. ನಂಗೆ ಕೇಳಿಸ್ತಿಲ್ಲ ಅನ್ನು, ಅಷ್ಟೇ."

ಆ ಮಾತನ್ನು ಅವಳು ಹೊರಗೆ ಎಲ್ಲೂ ತಪ್ಪಲಿಲ್ಲ. ಇಂಜಿನಿಯರುಗಳು ಗಡಿಬಿಡಿ ಮಾಡಿದರೂ, ಗುತ್ತಿಗೆದಾರರು ಮುಖ ಸಿಂಡರಿಸಿದರೂ, ಲೋಹವಲ್ಲದ ಪೈಪಿನ ಅನುಮಾನವಿದ್ದಲ್ಲಿ ಅವಳು ಬೇರೆ ದಾರಿ ಹಿಡಿಯುತ್ತಿದ್ದಳು. ಪೈಪಿನ ಬಾಯಿ ಎಲ್ಲಾದರೂ ಸಿಕ್ಕರೆ, ತುದಿಯಲ್ಲಿ ಬೆರಳುದ್ದದ ಸಂಕೇತದ ಗುಂಡು ಇರುವ ಬಳುಕುವ ಸರಳನ್ನು ಒಳಗೆ ತಳ್ಳುವುದು. ಗುಂಡು ಹೋದ ದಾರಿಯಲ್ಲೆಲ್ಲ ಮೇಲೆ ಕೋಲು ಕೂಗುತ್ತದೆ. ಕೆಸರಿನ ಕೆಲಸ, ಆದರೆ ಸುಳ್ಳಾಗದ ಕೆಲಸ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಅನ್ನುತ್ತಾರಲ್ಲ, ಕೋಲಕ್ಕನ ವಿಷಯದಲ್ಲಿ ಹಾಗಾದದ್ದು ಅವಳ ಮನೆಯ ಮುಂದೆಯೇ.

ಮನೆಯಲ್ಲಿ ಅವಳು, ಗಂಡ ಮತ್ತು ಅತ್ತೆ. ಗಂಡ ಬಸ್ ಡ್ರೈವರ್. ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಗಾರೆ ಕೆಲಸ ಮಾಡುತ್ತಿದ್ದ ಆತ ಮಾತಿನ ಮಲ್ಲ. ಏರಿನಲ್ಲಿ ಕೆಟ್ಟು ನಿಂತ ಲಾರಿಯನ್ನು ಒಬ್ಬನೇ ತಳ್ಳಿ ಮೇಲೆ ಹತ್ತಿಸಿದ್ದು, ಮಾಲೀಕನೊಬ್ಬ ಕಡಿಮೆ ಸಿಮೆಂಟು ಕಲಸಲು ಹೇಳಿದಾಗ ಕರಣೆಯನ್ನು ಅವನ ಕಾಲ ಬಳಿ ಎಸೆದು ಬಂದದ್ದು, ಹೀಗೆ ಊಟಕ್ಕೆ ಕೂತಾಗಲೆಲ್ಲ ಒಂದೊಂದು ಕಥೆ ಹೊರಬರುತ್ತಿತ್ತು. ಹೇಳಿದಂತೆಲ್ಲ ಲಾರಿಯ ಮೇಲಿನ ಮೂಟೆಗಳೂ ಹೆಚ್ಚುತ್ತಿದ್ದವು. ಸೊಸೆ ಕೆಲಸಕ್ಕೆ ಸೇರಿದ ದಿನ ಆತ ನಕ್ಕು, "ಅದಕ್ಕೂ ಒಂದು ಮೆಷಿನ್ ಬೇಕಾ? ಬರಿಗಾಲಲ್ಲಿ ನಡೆದ್ರೆ ಸಾಕು, ಪೈಪಿನ ತಂಪು ನನ್ನ ಅಂಗಾಲಿಗೇ ಗೊತ್ತಾಗತ್ತೆ" ಎಂದಿದ್ದ. ಗಂಡನೂ ನಕ್ಕಿದ್ದ. ಅವಳು ನಕ್ಕಂತೆ ಮಾಡಿ, ಮಾತನ್ನು ನುಂಗಿಕೊಂಡು ಒಳಗೇ ಇಟ್ಟುಕೊಂಡಿದ್ದಳು.

ಮಾವನ ಕಥೆಗಳಲ್ಲಿ ಅತ್ತೆ ತುಂಬ ಹಚ್ಚಿಕೊಂಡಿದ್ದ ಒಂದಿತ್ತು. ಅವರ ಓಣಿ ನಡುವಿನಲ್ಲಿ ತಟ್ಟೆಯಂತೆ ತಗ್ಗು. ಆ ತಗ್ಗಿಗೇ ಅವರ ಮನೆ. ಹಿಂದೆ ಮಳೆ ಬಂದರೆ ಓಣಿಯ ನೀರೆಲ್ಲ ಅವರ ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತಂತೆ. ಅತ್ತೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಾಗ ಮಾವ ದಿನಾ ಕೆಲಸ ಮುಗಿಸಿ ಬಂದು, ಒಬ್ಬನೇ ನೆಲ ಅಗೆದು, ತಗ್ಗಿನಿಂದ ಓಣಿಯ ಕೊನೆಯ ದೊಡ್ಡ ಚರಂಡಿಯವರೆಗೆ ಪೈಪು ಹಾಸಿದ್ದನಂತೆ. ಅತ್ತೆ ಕೂಸನ್ನೆತ್ತಿಕೊಂಡು ಬರುವ ಹೊತ್ತಿಗೆ ಮಣ್ಣು ಮುಚ್ಚಿ ಸಮ ಮಾಡಿಯಾಗಿತ್ತು. ಕಾಣುತ್ತಿದ್ದದ್ದು ತಗ್ಗಿನಲ್ಲಿ ಕೂರಿಸಿದ್ದ ಒಂದು ಕಬ್ಬಿಣದ ಜಾಲರಿ ಮಾತ್ರ. ಕೂಸಿನ ತೊಟ್ಟಿಲ ಕೆಳಗೆ ನೀರು ಬರಬಾರದು ಅಂತ ಮಾಡಿದೆ ಎಂದಿದ್ದನಂತೆ ಮಾವ. ಅದಾದ ಮೇಲೆ ನೀರೂ ಒಳಗೆ ಬರಲಿಲ್ಲ. ಅತ್ತೆಗೆ ಅಷ್ಟು ಸಾಕಿತ್ತು. ತನ್ನ ಗಂಡ ಆಡಿದ ಉಳಿದ ಮಾತುಗಳಿಗೆ ಆಕೆಯೂ ಮೂಗು ಮುರಿಯುತ್ತಿದ್ದಳು, ಈ ಒಂದಕ್ಕೆ ಮಾತ್ರ ಇಲ್ಲ.

ಮಾವ ಸತ್ತ ಮೇಲೆ ಓಣಿಗೆ ಕಾಂಕ್ರೀಟು ಬಿತ್ತು. ಜಾಲರಿ ಅದರಡಿ ಮುಚ್ಚಿಹೋಯಿತು. ಮುಂದಿನ ಮಳೆಗೇ ನೀರು ಹೊಸ್ತಿಲು ಹತ್ತಿತು. ಎಡಬಲದ ಮನೆಗಳಿಗೂ ನುಗ್ಗಿತು. ಓಣಿಯ ಹಳಬರು ಯಾರೂ ಉಳಿದಿರಲಿಲ್ಲ. ಕೊನೆಯ ಮನೆಯ ಟೈಲರ್ ಬಂದದ್ದು ಎಷ್ಟೋ ಆಮೇಲೆ. ಆದರೂ ಓಣಿಯ ಹಿರಿತನವನ್ನು ಅವನೇ ವಹಿಸಿಕೊಂಡಿದ್ದ. ಎಲ್ಲರೂ ಸೇರಿದಾಗ ಅತ್ತೆ, ಹೊಸದೇನೂ ಬೇಡ, ನಮ್ಮ ಯಜಮಾನರು ಹಾಸಿದ ಪೈಪಿದೆ, ಅದನ್ನು ಬಿಡಿಸಿದರೆ ಸಾಕು ಎಂದಳು. ಟೈಲರ್ ಒಪ್ಪಲಿಲ್ಲ. ಪೈಪೂ ಇಲ್ಲ ಗೀಪೂ ಇಲ್ಲ, ಯಜಮಾನರು ಒಂದು ಇಂಗುಗುಂಡಿ ತೋಡಿ ಮೇಲೆ ಜಾಲರಿ ಹಾಕಿರಬೇಕು, ಈಗ ಗುಂಡಿ ತುಂಬಿದೆ, ನಗರಸಭೆಗೆ ಹೊಸ ಚರಂಡಿ ಕೇಳೋಣ ಎಂದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅತ್ತೆಯೇ, ಜಗಳ ಯಾಕೆ, ನಮ್ಮ ಸೊಸೆ ಇದೇ ಕೆಲಸ ಮಾಡುವವಳು, ಅವಳು ಮೆಷಿನ್ ತಂದು ನೋಡಲಿ, ಅವಳು ಹೇಳಿದ ಹಾಗೆ ಆಗಲಿ ಎಂದುಬಿಟ್ಟಳು.

ಆ ಭಾನುವಾರ ಕೋಲಕ್ಕನ ಮೈ ಸೋತುಹೋಗಿತ್ತು. ವಾರವೆಲ್ಲ ಬಿಸಿಲಲ್ಲಿ ನಡೆದು ಹಿಮ್ಮಡಿ ಒಡೆದಿತ್ತು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅವಳು ಕೋಲು ಹಿಡಿದು ನಡೆದಳು. ಕರೆಂಟಿನ ಕೇಬಲ್ ಕೂಗಿತು. ನೀರಿನ ಪೈಪು ಕೂಗಿತು. ಉಳಿದಂತೆ ನೆಲ ಸುಮ್ಮನಿತ್ತು. ಅತ್ತೆ ಪಕ್ಕದಲ್ಲೇ ನಡೆದು ಬಂದು, ಚರಂಡಿಯ ಕಡೆ ಕೈ ತೋರಿಸಿ, ಅಲ್ಲಿ ಕೆಳಗೆ ಗೋಡೆಯಲ್ಲಿ ಅದರ ಬಾಯಿ ಇದೆ, ಒಮ್ಮೆ ನಿಮ್ಮ ಮಾವ ತೋರಿಸಿದ್ದರು ಎಂದಳು. ಕೋಲಕ್ಕ ಮೇಲಿನಿಂದ ಬಗ್ಗಿ ನೋಡಿದಳು. ಕಳೆ, ಹೂಳು, ಕಪ್ಪು ನೀರು. ಇಳಿದರೆ ಮೊಣಕಾಲು ಮುಳುಗುವ ಕೊಚ್ಚೆ. ಸಂಕೇತದ ಗುಂಡಿನ ಸರಳು, ಅವಳು ಕೋಲು ತಂದಿದ್ದ ಕಂಪನಿಯ ವ್ಯಾನಿನಲ್ಲೇ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ನಾಲ್ಕು ಜನರೆದುರು, ರಜೆಯ ದಿನ, ಆ ಕೊಚ್ಚೆಗೆ ಇಳಿಯಲು ಅವಳಿಗೆ ಮನಸ್ಸಾಗಲಿಲ್ಲ.

ಟೈಲರ್ ಕೇಳಿದ, "ಏನಮ್ಮಾ, ಇದೆಯೋ ಇಲ್ವೋ?"

"ಇಲ್ಲ," ಎಂದಳು ಕೋಲಕ್ಕ. "ಇಲ್ಲಿ ಏನೂ ಇಲ್ಲ."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಆ ಕ್ಷಣ ಅವಳೊಳಗೆ ಆದದ್ದನ್ನು ಅವಳು ಬಹಳ ದಿನ ತನಗೇ ಹೇಳಿಕೊಳ್ಳಲಿಲ್ಲ. ದಣಿವು ನಿಜ, ಕೊಚ್ಚೆಯ ಹೇಸಿಗೆ ನಿಜ. ಆದರೆ ಅದರ ಜೊತೆಗೆ, ನಾಲಿಗೆಯ ತುದಿಯಲ್ಲಿ ಸಕ್ಕರೆಯ ಹರಳು ಕರಗಿದ ಹಾಗೆ, ಒಂದು ಪುಟ್ಟ ಸಂತೋಷವೂ ಆಗಿತ್ತು. ಅಂಗಾಲಿನಲ್ಲೇ ಪೈಪು ಹುಡುಕುತ್ತಿದ್ದ ಮಾವನ ಬಾಯಿಯನ್ನು ಅವಳು ಕೊನೆಗೂ ಮುಚ್ಚಿಸಿದ್ದಳು.

ಅತ್ತೆ ಎದುರಾಡಲಿಲ್ಲ. ಸೊಸೆಯ ಕೆಲಸದ ಮೇಲೆ ಆಕೆಗೆ ಅಷ್ಟು ನಂಬಿಕೆ. ಸುಮ್ಮನೆ ತಲೆಯಾಡಿಸಿ ಒಳಗೆ ಹೋದಳು. ಗಂಡ ಅಪ್ಪನ ವಿಷಯ ಗೊತ್ತಿದ್ದದ್ದೇ ಅಲ್ಲವೇ ಎಂದು ಭುಜ ಕುಣಿಸಿ ಪೇಪರಿಗೆ ಮುಖ ಹಾಕಿದ.

ಮರುದಿನ ಕಿಟಕಿಯ ಪಕ್ಕದಲ್ಲಿದ್ದ ಮಾವನ ಕುರ್ಚಿ ತಾರಸಿಗೆ ಹೋಯಿತು. ಒಗೆದ ಬಟ್ಟೆಯ ಬುಟ್ಟಿ ಇಡಲು ಬೇಕು ಎಂದಳು ಅತ್ತೆ. ಮಾತಿನ ನಡುವೆ ನುಸುಳುತ್ತಿದ್ದ 'ನಮ್ಮ ಯಜಮಾನರು' ನಿಂತುಹೋಯಿತು. ಕೆಲವು ದಿನ ಕಳೆದ ಮೇಲೆ ಪಾತ್ರೆ ತೊಳೆಯುತ್ತ ಅತ್ತೆ ಇದ್ದಕ್ಕಿದ್ದಂತೆ ಕೇಳಿದಳು, ಹಾಗಾದರೆ ಒಂದು ಸಲ ಸಂಬಳದ ದಿನ ಬಸ್ಸಿನಲ್ಲಿ ಜೇಬು ಕತ್ತರಿಸಿಹೋಯಿತು ಅಂದಿದ್ದರಲ್ಲ, ಅದೂ ಸುಳ್ಳೇ ಇರಬಹುದಾ? ಕೋಲಕ್ಕ ಅದಕ್ಕೂ ಇದಕ್ಕೂ ಏನು ಸಂಬಂಧ ಎಂದಳು. ಇನ್ನೊಂದು ದಿನ, ತನಗೆ ಕಾಯಿಲೆಯಾಗಿದ್ದಾಗ ಮಾವ ಮೂರು ದಿನ ಬಾರದೆ ಹೊರ ಊರಿನಲ್ಲಿ ಕೆಲಸವಿತ್ತು ಎಂದದ್ದನ್ನು ನೆನೆದಳು. ನೂಲಿನ ಉಂಡೆಯ ತುದಿ ಸಿಕ್ಕಿತ್ತು, ಅತ್ತೆ ಬಿಚ್ಚುತ್ತ ಹೋದಳು. ಒಂದು ಆಯಸ್ಸಿನ ಸಂಸಾರವೇ ಆಕೆಯ ಕೈಯಲ್ಲಿ ಸಡಿಲವಾಗತೊಡಗಿತು.

ಕೋಲಕ್ಕ ಇದನ್ನೆಲ್ಲ ನೋಡುತ್ತಿದ್ದಳು. ತಿದ್ದಲು ಒಂದು ಬೆಳಿಗ್ಗೆ ಸಾಕಿತ್ತು. ಬೂಟು ಹಾಕಿ ಚರಂಡಿಗೆ ಇಳಿದು, ಗೋಡೆಯ ಹೂಳು ಕೆದಕಿ, ಬಾಯಿ ಸಿಕ್ಕರೆ ಸರಳು ತಳ್ಳಬೇಕು. ನಾಳೆ ಎಂದುಕೊಂಡಳು. ನಾಳೆ ಬಂದಾಗ ಇನ್ನೊಂದು ಯೋಚನೆ. ಪೈಪು ಸಿಗದಿದ್ದರೆ ಕೊಚ್ಚೆಗೆ ಇಳಿದದ್ದು ದಂಡ. ಸಿಕ್ಕರೆ ಆ ಭಾನುವಾರ ಯಾಕೆ ಇಳಿಯಲಿಲ್ಲ ಎಂಬ ಪ್ರಶ್ನೆ. ಸಿಗುವುದಕ್ಕೇ ಅವಳು ಹೆಚ್ಚು ಹೆದರಿದಳು.

ಒಮ್ಮೆ ಚಹಾದಂಗಡಿಯಲ್ಲಿ ಹಳೆಯ ಲೈನ್‌ಮನ್ ಸಿಕ್ಕರು. ಮನೆ ಮುಂದೆ ಹಳೇ ಪೈಪೊಂದನ್ನು ಹುಡುಕಿದೆ, ಸಿಗಲಿಲ್ಲ ಎಂದು ಅವಳು ಬೇರೆ ಯಾರದೋ ಸುದ್ದಿಯಂತೆ ಹೇಳಿದಳು. ಅವರು ಚಹಾ ಆರಿಸುತ್ತ, ಎಷ್ಟು ಹಳೆಯದು ಎಂದಷ್ಟೇ ಕೇಳಿದರು. ಗಂಡ ಹುಟ್ಟಿದ ವರ್ಷದ್ದು ಎಂದಳು. "ಹಾಗಾದ್ರೆ ಮಣ್ಣಿಂದೇ ಇರತ್ತೆ. ಇಲ್ಲ ಅಂತ ಹೇಳಿಲ್ಲ ತಾನೇ?" ಎಂದರು ಅವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕೋಲಕ್ಕನ ಕೈ ತನ್ನಿಂದ ತಾನೇ ಸೆರಗಿಗೆ ಹೋಯಿತು. ಲೋಟ ಇಟ್ಟು, ಹೊತ್ತಾಯಿತು ಎಂದು ಎದ್ದುಬಂದಳು.

ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ ನಗರಸಭೆಯಿಂದ ಹೊಸ ಚರಂಡಿಗೆ ಒಪ್ಪಿಗೆ ಬಂತು. ಅಗೆಯುವ ಮೊದಲು ಗೆರೆ ಎಳೆಯುವ ಕೆಲಸ ಅವಳ ಕಂಪನಿಗೇ ಬಂತು. ನಿಮ್ಮದೇ ಓಣಿಯಲ್ಲವೇ ಎಂದು ಮೇಲಿನವರು ಅವಳನ್ನೇ ಕಳಿಸಿದರು. ಲೋಹವಲ್ಲದ್ದನ್ನೂ ಕಾಣಿಸುವ ನೆಲದ ರಾಡಾರ್ ಯಂತ್ರವೊಂದು ಆಫೀಸಿನಲ್ಲಿತ್ತು. ಕೇಳಿದ್ದರೆ ಕೊಡುತ್ತಿದ್ದರು. ಅವಳು ಕೇಳಲಿಲ್ಲ. ಕೆಂಪು ಗೆರೆ ಎಳೆದಳು, ನೀಲಿ ಗೆರೆ ಎಳೆದಳು, ಸುಮ್ಮನಾದಳು.

ಅಗೆತದ ದಿನ ಅವಳು ಅಲ್ಲೇ ನಿಲ್ಲಬೇಕಿತ್ತು, ಕರೆಂಟಿನ ಕೇಬಲ್ ಹತ್ತಿರವಿದ್ದದ್ದರಿಂದ. ಅಗೆಯುವ ಯಂತ್ರದ ಬಕೆಟ್ಟು ಕಾಂಕ್ರೀಟು ಒಡೆದು, ಮಣ್ಣು ಬಗೆದು, ದೊಡ್ಡ ಚರಂಡಿಯ ಕಡೆಯಿಂದ ಓಣಿಯ ನಡುವಿಗೆ ಬರುತ್ತಿತ್ತು. ಟೈಲರನ ಮನೆ ದಾಟುತ್ತಿದ್ದಂತೆ ಒಂದು ಬೇರೆಯೇ ಸದ್ದು ಕೇಳಿಸಿತು. ಮಡಕೆ ಒಡೆದ ಸದ್ದು. ಹಿಂದೆಯೇ ಗುಂಡಿಯೊಳಗೆ ಕಪ್ಪು ನೀರು ಬುಳಬುಳನೆ ನುಗ್ಗಿತು. ಯಂತ್ರದ ಡ್ರೈವರ್ ಇಂಜಿನ್ ನಿಲ್ಲಿಸಿ, ಇಲ್ಲಿ ಗೆರೆನೇ ಇರ್ಲಿಲ್ವಲ್ಲ ಅಕ್ಕಾ ಎಂದ. ತಪ್ಪು ಹೊರಿಸುವ ದನಿಯೇನಲ್ಲ, ಆಶ್ಚರ್ಯ ಅಷ್ಟೇ.

ಕೋಲಕ್ಕ ಗುಂಡಿಗೆ ಇಳಿದಳು. ಕೆಂಚು ಬಣ್ಣದ ಸುಟ್ಟ ಮಣ್ಣಿನ ಪೈಪು, ಎರಡು ಮೊಳಕ್ಕೊಂದು ಕೀಲು. ಒಡೆದದ್ದು ಒಂದೇ ತುಂಡು. ಅಲ್ಲಿಂದ ಮುಂದೆ ಪೈಪು ನೆಟ್ಟಗೆ, ಗೆರೆ ಕೊರೆದಂತೆ, ಅವರ ಮನೆಯ ತಗ್ಗಿನ ಕಡೆಗೇ ಹೋಗಿತ್ತು. ಕೀಲಿಗೆ ಸೆಣಬಿನ ಹುರಿ ತುರುಕಿ, ಮೇಲೆ ಗಾರೆ ಮೆತ್ತಲಾಗಿತ್ತು. ಗಾರೆಯ ಮೇಲೆ ನಾಲ್ಕು ಬೆರಳು ಎಳೆದ ಗುರುತು ಇನ್ನೂ ಇತ್ತು. ಕರಣೆ ಆಡದ ಇಕ್ಕಟ್ಟಿನಲ್ಲಿ ಕೈಯಿಂದಲೇ ಮೆತ್ತಿದವನ ಬೆರಳು. ಇಷ್ಟು ವರ್ಷವಾದರೂ ಒಂದು ಕೀಲೂ ಬಿಟ್ಟಿರಲಿಲ್ಲ. ಆಳುಗಳು ಚರಂಡಿಗಿಳಿದು ಗೋಡೆಯನ್ನು ಕೆದಕಿ ನೋಡಿದಾಗ ಬಾಯಿಯೂ ಸಿಕ್ಕಿತು, ಅತ್ತೆ ಕೈ ತೋರಿಸಿದ್ದ ಜಾಗದಲ್ಲೇ. ಮುಚ್ಚಿದ್ದು ಬಾಯಿಯಿಂದ ಒಂದು ತೋಳುದ್ದ ಮಾತ್ರ. ಮುಷ್ಟಿ ಬೇರು, ಹೂಳು, ಒಂದು ಹರಿದ ಚೀಲ. ಅದನ್ನು ಎಳೆದು, ಮೇಲೆ ಜಾಲರಿಯಷ್ಟು ಕಾಂಕ್ರೀಟು ಬಿಡಿಸಿದ್ದರೆ ಓಣಿಯ ನೀರು ಹರಿದುಹೋಗುತ್ತಿತ್ತು.

ತಲೆ ಎತ್ತಿದಾಗ ಗುಂಡಿಯ ಅಂಚಿನಲ್ಲಿ ಅತ್ತೆ ನಿಂತಿದ್ದಳು. ಕೈ ಹಿಡಿದು ಇಳಿಸು ಎಂದಳು. ಬೇಡ ಎಂದರೂ ಕೇಳಲಿಲ್ಲ. ಇಳಿದು, ಕೂತು, ಗಾರೆಯ ಮೇಲಿನ ಆ ನಾಲ್ಕು ಗೆರೆಗಳಲ್ಲಿ ತನ್ನ ಬೆರಳಿಟ್ಟಳು. ಆಕೆಯ ಬೆರಳು ಸಣ್ಣ, ಗೆರೆಗಳು ಅಗಲ.

ಕೋಲಕ್ಕನಿಗೆ ಇನ್ನು ತಡೆಯಲಾಗಲಿಲ್ಲ. "ಅತ್ತೆ, ಮಣ್ಣಿನ ಪೈಪಾದ್ರೆ ಮೆಷಿನ್ ಕೂಗಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು. ಕೆಳಗಿಳಿದು ನೋಡ್ಬೇಕಿತ್ತು. ನೋಡದೇನೇ ಇಲ್ಲ ಅಂದೆ."

ಅತ್ತೆ ಗೆರೆಗಳಿಂದ ಬೆರಳು ತೆಗೆದು, ಅಂಟಿದ್ದ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು.

"ನೀನು ಒಂದು ಸಲ ಅಂದೆ," ಎಂದಳು. "ನಾನು ದಿನಾ ಅಂದ್ಕೊಂಡೆ. ಏಳ್ತಾ ಒಂದ್ಸಲ, ಮಲಗ್ತಾ ಒಂದ್ಸಲ, ಸುಳ್ಳ ಸುಳ್ಳ ಅಂತ. ನಿನ್ನ ತಪ್ಪನ್ನ ನಾನು ಮನ್ನಿಸ್ಬಹುದು ಕಣೆ. ನನ್ನದನ್ನ ಮನ್ನಿಸೋರು ಎಲ್ಲಿದಾರೆ?"

ಅತ್ತೆ ಬೈದಿದ್ದರೆ ಕೋಲಕ್ಕನಿಗೆ ಹಗುರವಾಗುತ್ತಿತ್ತು. ತನ್ನ ತಪ್ಪಿನ ಭಾರ ತನ್ನೊಬ್ಬಳದೇ ಎಂದು ಅವಳು ಅಂದುಕೊಂಡಿದ್ದಳು. ಅದರ ಅರ್ಧವನ್ನು ಈ ಮುದುಕಿಯ ತಲೆಗೂ ಹೊರಿಸಿದ್ದೇನೆ, ಅದನ್ನಿನ್ನು ಇಳಿಸಲು ಆಗುವುದಿಲ್ಲ ಎಂಬುದು ಆಗ ಗೊತ್ತಾಯಿತು.

ಗಂಡ ಸಂಜೆ ಡ್ಯೂಟಿ ಮುಗಿಸಿ ಬಂದಾಗ ಅವನಿಗೂ ಇದನ್ನೇ ಹೇಳಿದಳು. ಅವನು ಯೂನಿಫಾರ್ಮಿನಲ್ಲೇ ಹೋಗಿ ಗುಂಡಿಯ ಬಳಿ ನಿಂತ. ತೊಟ್ಟಿಲ ಕೂಸು ಅವನೇ ಅಲ್ಲವೇ. ಒಳಗೆ ಬಂದು ಕೈಕಾಲು ತೊಳೆದವನು ಊಟ ಮಾಡುವಾಗ, ನಾನಾದರೂ ಇಳಿದು ನೋಡಬಹುದಿತ್ತು, ಭುಜ ಕುಣಿಸಿ ಕೂತೆ ಎಂದ. ಅಷ್ಟೇ.

ಮರುದಿನ ಕೋಲಕ್ಕ ಓಣಿಯ ಮನೆ ಮನೆಗೂ ಹೋದಳು. ಪೈಪು ಇತ್ತು, ನಮ್ಮ ಮಾವ ಹೇಳಿದ್ದು ನಿಜ, ನಾನು ಸರಿಯಾಗಿ ನೋಡದೆ ಹೇಳಿದೆ ಎಂದಳು. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದಳು. ಯಾರಿಗೂ ಅದು ಬೇಕಿರಲಿಲ್ಲ. ಒಬ್ಬರು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಓಡಿದರು. ಟೈಲರ್ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಕೇಳಿಸಿಕೊಂಡು, ಆಮೇಲೆ ತೆಗೆದು, "ಹೋಗ್ಲಿ ಬಿಡಮ್ಮ. ಹೊಸ ಚರಂಡಿ ಬಂತಲ್ಲ, ಒಳ್ಳೇದೇ ಆಯ್ತು" ಎಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಎಲ್ಲರೆದುರು ಕಳೆದ ಮಾವನ ಮಾನವನ್ನು ಎಲ್ಲರೆದುರೇ ಕೊಡಿಸಬೇಕು ಎಂದು ಹೊರಟವಳಿಗೆ, ಅದು ಕಳೆದದ್ದೇ ಯಾರಿಗೂ ನೆನಪಿಲ್ಲ ಎಂಬುದು ಗೊತ್ತಾಯಿತು. ನೆನಪಿದ್ದದ್ದು ಮನೆಯೊಳಗಿದ್ದ ಒಬ್ಬಳಿಗೆ.

ಮೇಸ್ತ್ರಿಯನ್ನು ಕೇಳಿಕೊಂಡು ಅವಳು ಒಂದು ಕೆಲಸ ಮಾಡಿದಳು. ತಗ್ಗಿನಿಂದ ಟೈಲರನ ಮನೆಯವರೆಗಿನ ಹಳೆಯ ಪೈಪು ಗಟ್ಟಿಯಾಗಿಯೇ ಇದೆಯಲ್ಲ, ಅದನ್ನು ಒಡೆಯದೆ ಹೊಸ ಚರಂಡಿಗೆ ಜೋಡಿಸಿದರೆ ನಿಮಗೂ ಕೆಲಸ ಉಳಿಯಿತು ಎಂದಳು. ಮೇಸ್ತ್ರಿ ಕೀಲುಗಳನ್ನು ತಟ್ಟಿ ನೋಡಿ ಒಪ್ಪಿದ. ಅವಳು ಸರಳು ತಂದು ಪೈಪಿನುದ್ದಕ್ಕೂ ಗುಂಡು ತಳ್ಳಿ, ಮೇಲೆ ಕೋಲು ಹಿಡಿದು ನಡೆದು, ಮನೆಯ ಮುಂದಿನವರೆಗೆ ಗೆರೆ ಎಳೆದಳು. ಕಾಂಕ್ರೀಟು ಬಿಡಿಸಿದಾಗ ಜಾಲರಿ ಸಿಕ್ಕಿತು.

ಅತ್ತೆ ಮಾವನ ಕುರ್ಚಿಯನ್ನು ತಾರಸಿಯಿಂದ ಇಳಿಸಿದಳು. ಬಿಸಿಲಿಗೆ ಅದರ ಬೆತ್ತ ಬಿರುಕು ಬಿಟ್ಟಿತ್ತು. ಕೂರಲಾಗದಿದ್ದರೂ ಕಿಟಕಿಯ ಪಕ್ಕದಲ್ಲೇ ಇಟ್ಟಳು. ಆಮೇಲೆ ಆಕೆಯ ಲೆಕ್ಕವೇ ತಿರುವುಮುರುವಾಯಿತು. ಜೇಬು ಕತ್ತರಿಸಿದ್ದು ನಿಜ, ಹೊರ ಊರಿನ ಕೆಲಸವೂ ನಿಜ, ಒಬ್ಬನೇ ಲಾರಿ ತಳ್ಳಿದ್ದೂ ನಿಜ. ಮೂಟೆಗಳ ಬಗ್ಗೆ ಮಗ ಒಮ್ಮೆ ತಮಾಷೆ ಮಾಡಿದ್ದಕ್ಕೆ, ನೀನು ಹೋಗಿ ಎಣಿಸಿದ್ದೆಯಾ ಎಂದು ಗದರಿದಳು. ನಂಬದೆ ಹೋದ ತಿಂಗಳುಗಳನ್ನು ಆಕೆ ಹೀಗೆ, ನಂಬಬೇಕಾಗಿಲ್ಲದ್ದನ್ನೂ ನಂಬಿ ತೀರಿಸುತ್ತಿದ್ದಾಳೆ ಎಂದು ಕೋಲಕ್ಕನಿಗೆ ಅನ್ನಿಸುತ್ತಿತ್ತು. ನಗಲು ಮನಸ್ಸು ಬರುತ್ತಿರಲಿಲ್ಲ.

ಸೊಸೆಯ ಮೇಲೆ ಅತ್ತೆ ಸಿಟ್ಟು ಮಾಡಲಿಲ್ಲ. ಬಡಿಸುವುದು, ಕರೆಯುವುದು, ಹಿಮ್ಮಡಿಗೆ ಎಣ್ಣೆ ಹಚ್ಚಿಕೋ ಎನ್ನುವುದು ಎಲ್ಲ ಮೊದಲಿನಂತೆಯೇ ಇತ್ತು. ಬದಲಾದದ್ದು ಒಂದೇ. ಕೆಲಸಕ್ಕೆ ಹೊರಡುವ ಮುನ್ನ ಕೋಲಕ್ಕ, ಗ್ಯಾಸ್ ಆರಿಸಿದ್ದೇನೆ ಅತ್ತೆ ಎಂದರೆ, ಹೂಂ ಎನ್ನುತ್ತಿದ್ದ ಆಕೆ ಈಗ ಗೋಡೆ ಹಿಡಿದು ಎದ್ದು, ಅಡುಗೆಮನೆಗೆ ಹೋಗಿ, ಒಲೆಯ ತಿರುಗಣಿಯನ್ನು ತಾನೇ ಮುಟ್ಟಿ ನೋಡಿ ಬರುತ್ತಾಳೆ. ಹಿತ್ತಲ ಬಾಗಿಲು ಹಾಕಿದೆ ಎಂದರೂ ಅಷ್ಟೇ. ಒಮ್ಮೆ ಕೋಲಕ್ಕ ನೋಡುತ್ತಿದ್ದದ್ದು ಕಂಡು ಅತ್ತೆಗೇ ಮುಜುಗರವಾಯಿತು.

"ನಿನ್ನ ಮೇಲೆ ಅನುಮಾನ ಅಲ್ಲಮ್ಮ," ಎಂದಳು. "ನಾನೇ ಒಂದ್ಸಲ ನೋಡ್ಬಿಡೋಣ ಅನ್ಸತ್ತೆ, ಅಷ್ಟೇ."

"ನೋಡಿ ಅತ್ತೆ," ಎಂದಳು ಕೋಲಕ್ಕ. ಅತ್ತೆ ಹಾದುಹೋಗಲೆಂದು ಅಡುಗೆಮನೆಯ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು.